ಎಡಗಡೆ ಸೀಟಿನ ಮೇಡಂ

ವಯಸ್ಸಾಗಿದೆ ಎಂದು ರುಜುವಾತು ಮಾಡಿದರೆ ಖುಷಿಪಡುವ ಸರ್ಕಾರಿ ಕಚೇರಿಗಳೂ ಇವೆ ಎಂದು ನನಗೆ ಗೊತ್ತಾದದ್ದು ಅರವತ್ತೆರಡನೇ ವಯಸ್ಸಿನಲ್ಲಿ. ಆದರೆ ಅವರಿಗೆ ಬೇಕಿದ್ದದ್ದು ನನ್ನ ವಯಸ್ಸಲ್ಲ, ಕಾರಿನದು.

ಮಿಷಿಗನ್ನಿನಲ್ಲಿ ಮೂವತ್ತು ವರ್ಷ ಅಲ್ಲಿನ ಕಾರುಗಳನ್ನೇ ಓಡಿಸಿಕೊಂಡಿದ್ದ ನನಗೆ 2018ರಲ್ಲಿ ಹಳೇ ಹುಚ್ಚು ಕೆದರಿತು. ಕೆನಡಾದ ಬ್ರಾಂಪ್ಟನ್ನಿನಲ್ಲಿ ಸರ್ದಾರ್ಜಿಯೊಬ್ಬರು 1972ರ ಅಂಬಾಸಿಡರ್ ಮಾರಾಟಕ್ಕಿಟ್ಟಿದ್ದರು. ಬಂಗಾಳದ ಉತ್ತರಪಾರಾದಲ್ಲಿ ಹುಟ್ಟಿದ್ದು. ಚಿಕ್ಕಂದಿನಲ್ಲಿ ಅಜ್ಜಿ, ಅತ್ತೆ, ಒಂದು ಹಲಸಿನ ಹಣ್ಣು ಸಮೇತ ನಾವು ಹನ್ನೊಂದು ಜನ ಧರ್ಮಸ್ಥಳಕ್ಕೆ ಹೋಗಿದ್ದು ಇಂಥದ್ದರಲ್ಲೇ. ನಾಲ್ಕು ಸಾವಿರ ಡಾಲರ್ ಎಣಿಸಿಬಿಟ್ಟೆ.

ಆಮೇಲೆ ಶುರುವಾಯಿತು ಜಾತಕ ತೋರಿಸುವ ಕೆಲಸ. ಕೆನಡಾದವರ ಪ್ರಕಾರ ಕಾರಿಗೆ ಹದಿನೈದು ತುಂಬಿದರೆ ಮುಪ್ಪು. ಅಮೆರಿಕದ ಪರಿಸರ ಇಲಾಖೆಗೆ 21 ಆಗಿರಬೇಕು, ಜೊತೆಗೆ ಮೂಲ ಸ್ಥಿತಿಯಲ್ಲೇ ಇರಬೇಕು. ರಸ್ತೆ ಸುರಕ್ಷತೆಯವರಿಗೆ 25, ಅದೂ ತಯಾರಾದ ತಿಂಗಳಿನಿಂದ ಎಣಿಸಿ. ಇಷ್ಟಾದ ಮೇಲೆ, ‘ಆಂಟಿಕ್ ಕಾರು ಸ್ವಾಮಿ, ಸುಂಕ ಬಿಡಿ’ ಎಂದರೆ ಕಸ್ಟಮ್ಸಿನವರು ಒಪ್ಪುವುದಿಲ್ಲ. ಅವರ ಲೆಕ್ಕದಲ್ಲಿ ಆಂಟಿಕ್ ಆಗಲು ನೂರು ದಾಟಬೇಕು. ಮೂರು ಕಿಟಕಿಗಳಲ್ಲಿ ಅಜ್ಜನಾಗಿದ್ದ ನನ್ನ ಕಾರು ನಾಲ್ಕನೆಯದರಲ್ಲಿ ಪಡ್ಡೆ ಹುಡುಗ. ಶೇ. 2.5 ಸುಂಕ, ನೂರು ಡಾಲರ್.

‘ಪಿಕಪ್ ತರಲಿಲ್ಲವಲ್ಲ, ಪುಣ್ಯವಂತರು’ ಎಂದ ಕಸ್ಟಮ್ಸ್ ಏಜೆಂಟ್. ಅದಕ್ಕಾಗಿದ್ದರೆ ಶೇ. 25! 1960ರ ದಶಕದಲ್ಲಿ ಯುರೋಪಿನವರು ಅಮೆರಿಕದ ಕೋಳಿಗೆ ಸುಂಕ ಹೇರಿದ್ದಕ್ಕೆ ತೀರಿಸಿಕೊಂಡ ಸೇಡಂತೆ. ಇವತ್ತಿಗೂ ಅದರ ಹೆಸರು ಚಿಕನ್ ಟ್ಯಾಕ್ಸ್. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನುತ್ತಾರಲ್ಲ, ಇಲ್ಲಿ ಕೊತ್ತಿಗೆ ನಾಲ್ಕು ಚಕ್ರ.

ಇನ್ನೊಂದು ಷರತ್ತು: ಕಾರಿನ ಅಡಿಗೆ ಪರದೇಶದ ಮಣ್ಣು ಮೆತ್ತಿಕೊಂಡಿರಕೂಡದು. ವಿಂಡ್ಸರ್ ಊರಿನಲ್ಲಿ ನಿಲ್ಲಿಸಿ ಪೈಪು ಹಿಡಿದು ತೊಳೆಸಿದೆ. ನೀರಿನ ರಭಸಕ್ಕೆ ಮಡ್‌ಗಾರ್ಡಿನ ಸಂದಿಯಿಂದ ಕೆಂಪು ಹೆಂಟೆಯೊಂದು ಉದುರಿತು. ಕೆನಡಾದವರ ಕಣ್ಣಿಗೂ ಬೀಳದೆ ಇಷ್ಟು ವರ್ಷ ಅವಿತಿತ್ತು. ನಮ್ಮ ಕಡೆಯದೇ ಇರಬಹುದೇ ಎಂದು ಎತ್ತಿಕೊಳ್ಳಲು ಬಗ್ಗಿದೆ. ‘ರೀ, ಅದೂ ಮಣ್ಣೇ’ ಎಂದಳು ಹೆಂಡತಿ.

ವಿಂಡ್ಸರಿನಿಂದ ಡೆಟ್ರಾಯಿಟಿಗೆ ನಾವು ಬಂದದ್ದು ಸೇತುವೆ ದಾಟಿ. ಕೆನಡಾದಿಂದ ಅಮೆರಿಕಕ್ಕೆ ಬರುವವರು ಉತ್ತರಕ್ಕೆ ಹೋಗಬೇಕಾದ ವಿಚಿತ್ರ ಜಾಗ ಅದು. 1929ರಲ್ಲಿ ತೆರೆದ ಆ ಸೇತುವೆಯ ಹೆಸರು ಅಂಬಾಸಿಡರ್ ಬ್ರಿಡ್ಜ್. ಇದು ದೈವಸಂಕಲ್ಪ ಎಂದುಕೊಂಡೆ. ದೈವ ಮುಂದಿನದನ್ನು ಹೇಳಿರಲಿಲ್ಲ.

ತನಿಖೆಯ ಗೂಡು ಇದ್ದದ್ದು ಎಡಕ್ಕೆ, ನನ್ನ ಸ್ಟೇರಿಂಗ್ ಬಲಕ್ಕೆ. ಅಧಿಕಾರಿ ಬಗ್ಗಿ ನೋಡಿದಾಗ ಕಂಡದ್ದು ಮಡಿಲಲ್ಲಿ ಉಪ್ಪಿನಕಾಯಿ ಡಬ್ಬಿ ಇಟ್ಟುಕೊಂಡು, ಮುಂದೆ ಚಕ್ರವೇ ಇಲ್ಲದೆ ಕೂತ ನನ್ನ ಹೆಂಡತಿ.

‘ಯಾವ ಕಾರು, ಮೇಡಂ?’

‘ಅಂಬಾಸಿಡರ್.’

‘ಅದು ಸೇತುವೆ. ಕಾರು ಯಾವುದು?’

‘ಅದೂ ಅಂಬಾಸಿಡರ್.’

ನಾನು ಬಲಗಡೆಯಿಂದ ಕತ್ತು ಚಾಚಿ ಏನೋ ಹೇಳಹೊರಟೆ. ಮೇಡಂ ಹತ್ತಿರ ಮಾತಾಡುತ್ತಿದ್ದೇನೆ ಎಂಬಂತೆ ಆತ ಕೈ ಅಡ್ಡ ಮಾಡಿದ. ಕಾಗದ ತಿರುವಿ ಕೇಳಿದ: ‘ಎಲ್ಲಾ ಮೂಲ ಸ್ಥಿತಿಯಲ್ಲೇ ಇದೆಯೇ?’

‘ಕಾರು ಇದೆ. ಇವರಿಗೆ ಒಂದು ಮಂಡಿ ಬದಲಾಗಿದೆ.’

ಆತ ನಗುತ್ತಲೇ ಠಸ್ಸೆ ಒತ್ತಿದ.

ಮಿಷಿಗನ್ನಿನಲ್ಲಿ ಅದಕ್ಕೆ ಚಾರಿತ್ರಿಕ ವಾಹನದ ನಂಬರ್ ಪ್ಲೇಟು ಸಿಕ್ಕಿತು. ಮೆರವಣಿಗೆ, ಪ್ರದರ್ಶನ, ಕ್ಲಬ್ಬಿನ ಕಾರ್ಯಕ್ರಮಗಳಿಗೆ ಮಾತ್ರ ಹೊರಡಬಹುದು. ಆಗಸ್ಟ್ ಒಂದು ತಿಂಗಳು ಮಾತ್ರ ಎಲ್ಲಿಗೆ ಬೇಕಾದರೂ ಹೋಗಬಹುದು. ಅಂದರೆ ನಮ್ಮ ಗ್ಯಾರೇಜಿನಲ್ಲೀಗ ಒಂದು ಉತ್ಸವಮೂರ್ತಿ ಇದೆ. ಜುಲೈ 31ರ ರಾತ್ರಿ ನಾನು ಮೈ ಒರೆಸಿ, ಬ್ಯಾಟರಿ ಕೂಡಿಸಿ, ಕನ್ನಡಿಗೆ ಹೂವಿನ ಸರ ಕಟ್ಟುತ್ತೇನೆ. ಬೆಳಿಗ್ಗೆ ಸವಾರಿ ಹೊರಡುತ್ತದೆ.

ದಾರಿಯಲ್ಲಿ ಕಾಫಿ ಕೊಡುವ ಕಿಟಕಿಯೂ ಎಡಕ್ಕೇ ಬರುತ್ತದೆ. ಅಲ್ಲೂ ಮಾತಾಡುವುದು ಅವಳೇ.

‘ಎರಡು ಕಾಫಿ’ ಎನ್ನುತ್ತಾಳೆ. ‘ಒಂದಕ್ಕೆ ಸಕ್ಕರೆ ಬೇಡ.’

ಆ ಒಂದು ನನ್ನದು.