ಡೇಟಾ ಮಹಾಶಯರಿಗೆ ಒಂಟಿಕೊಪ್ಪಲಿನಿಂದ ಒಂದು ಅರಿಕೆ

ಶ್ರೀಮಾನ್ ಡೇಟಾ ಮಹಾಶಯರ ಸನ್ನಿಧಾನಕ್ಕೆ,

ಮೈಸೂರಿನ ಒಂಟಿಕೊಪ್ಪಲಿನ ನಿವಾಸಿಯೊಬ್ಬ ಮಾಡುವ ಅನಂತ ನಮಸ್ಕಾರಗಳು. ಪತ್ರ ಎಂದಮೇಲೆ ಮೊದಲು ನಮ್ಮ ಕ್ಷೇಮ ತಿಳಿಸಿ, ಆಮೇಲೆ ನಿಮ್ಮ ಕ್ಷೇಮ ವಿಚಾರಿಸುವುದು ಪದ್ಧತಿ. ನಮ್ಮ ಕ್ಷೇಮ ನಿಮಗೆ ಆಗಲೇ ಗೊತ್ತು. ಬೆಳಿಗ್ಗೆ ಚೆಲುವಾಂಬ ಪಾರ್ಕಿನಲ್ಲಿ ಎಷ್ಟು ಹೆಜ್ಜೆ ಹಾಕಿದೆ, ಯಾವ ಹೊತ್ತಿಗೆ ಬೆಂಚು ಹುಡುಕಿಕೊಂಡೆ, ಕೂತವನು ಮೊಬೈಲಿನಲ್ಲಿ ಮಂಡಿನೋವಿಗೆ ಯಾವ ಎಣ್ಣೆ ಒಳ್ಳೆಯದೆಂದು ಕೇಳಿದೆ, ಎಲ್ಲವೂ. ಮನೆ ಮುಟ್ಟುವಷ್ಟರಲ್ಲಿ ಎಣ್ಣೆ, ಮಂಡಿಗೆ ಕಟ್ಟುವ ಪಟ್ಟಿ, ಮಂಡಿ ಆಪರೇಷನ್ನಿಗೆ ಸುಲಭ ಕಂತಿನ ಸಾಲ, ಮೂರೂ ಪರದೆ ಮೇಲೆ ಸಾಲಾಗಿ ನಿಂತಿದ್ದವು. ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳೂ ಇಷ್ಟು ಬೇಗ ವಿಚಾರಿಸಿಕೊಳ್ಳುವುದಿಲ್ಲ.

ಆದರೂ ಒಂದು ಮಾತು. ಜನರ ಮುಂದಾಗುವುದನ್ನು ಹೇಳುವ ಕಸುಬಿಗೆ ತಾವು ಹೊಸಬರು. ನಮ್ಮ ಬಡಾವಣೆಗೆ ಅದರಲ್ಲಿ ಹಳೇ ಹೆಸರಿದೆ. ಕರ್ನಾಟಕದಲ್ಲಿ ಎಲ್ಲಿಗಾದರೂ ಹೋಗಿ ‘ಒಂಟಿಕೊಪ್ಪಲ್’ ಎನ್ನಿ, ‘ಪಂಚಾಂಗದ ಒಂಟಿಕೊಪ್ಪಲ್ಲಾ?’ ಎಂದೇ ಕೇಳುತ್ತಾರೆ. ಮೂಲೆಯಲ್ಲಿ ತೂತು ಮಾಡಿ ದಾರ ಪೋಣಿಸಿ, ದೇವರ ಮನೆಯ ಮೊಳೆಗೆ ನೇತುಹಾಕಿದ ಆ ಪುಸ್ತಕದಲ್ಲಿ ತಿಥಿ, ನಕ್ಷತ್ರ, ರಾಹುಕಾಲದ ಜೊತೆಗೆ ಹನ್ನೆರಡೂ ರಾಶಿಯವರ ಆದಾಯ-ವ್ಯಯ, ಆರೋಗ್ಯ-ಅನಾರೋಗ್ಯ, ರಾಜಪೂಜೆ-ರಾಜಕೋಪ ಎಲ್ಲಾ ಅಂಕಿಗಳಲ್ಲಿರುತ್ತದೆ. ಅದನ್ನು ನಂಬುವುದು ಬಿಡುವುದು ಅವರವರ ಇಷ್ಟ. ನಾನು ಹೇಳುವುದು ಅದರ ವ್ಯವಹಾರದ ರೀತಿಯನ್ನು. ಇದ್ದದ್ದೆಲ್ಲ ಅಚ್ಚಾಗಿ ಬರುತ್ತದೆ. ಯುಗಾದಿ ದಿನ ದೇವಸ್ಥಾನದಲ್ಲಿ ಎಲ್ಲರ ಮುಂದೆ ಗಟ್ಟಿಯಾಗಿ ಓದುತ್ತಾರೆ. ಮಿಥುನ ರಾಶಿಗೆ ವ್ಯಯ ಜಾಸ್ತಿ ಎಂದಿದ್ದರೆ ಊರಿನ ಮಿಥುನದವರೆಲ್ಲ ಸೇರಿಕೊಂಡು ಬೈದುಕೊಳ್ಳಬಹುದು. ವರ್ಷದ ಕೊನೆಗೆ ಪುಟ ತೆಗೆದು ‘ಏನ್ ಸ್ವಾಮಿ, ರಾಜಪೂಜೆ ಅಂದಿದ್ರಿ, ಬರೀ ಕೋಪವೇ ಬಂತಲ್ಲ’ ಎಂದು ಜೋಯಿಸರನ್ನು ಹಿಡಿದು ಕೇಳಬಹುದು.

ತಾವು ಹನ್ನೆರಡು ರಾಶಿಗೆ ನಿಲ್ಲಲಿಲ್ಲ. ತಲೆಗೊಂದು ಪಂಚಾಂಗ ಬರೆದಿರಿ. ಒಳ್ಳೆಯದೇ. ಆದರೆ ಆ ತಲೆಯವನಿಗೆ ಮಾತ್ರ ಅದನ್ನು ತೋರಿಸುವುದಿಲ್ಲ; ಸಾಲ ಕೊಡುವವರು, ಸೈಟು ಮಾರುವವರು, ಇನ್ಷೂರೆನ್ಸಿನವರು ಓದಿಕೊಂಡು ನಮಗೆ ಫೋನ್ ಮಾಡುತ್ತಾರೆ.

ಮೊನ್ನೆ ಒಂದು ಬಟ್ಟೆ ಅಂಗಡಿಯಲ್ಲಿ ಎರಡು ಬನಿಯನ್ ಕೊಂಡೆ. ಬಿಲ್ ಹಾಕುವ ಹುಡುಗ ತಲೆ ಎತ್ತದೆ ‘ನಂಬರ್ ಹೇಳಿ ಅಂಕಲ್’ ಎಂದ. ‘ತೊಂಬತ್ತು’ ಎಂದೆ. ‘ಬನಿಯನ್ ನಂಬರಲ್ಲ ಅಂಕಲ್, ಮೊಬೈಲ್ ನಂಬರ್. ಇಲ್ಲಾಂದ್ರೆ ಸಿಸ್ಟಂ ತಗೊಳಲ್ಲ.’ ದುಡ್ಡು ತೆಗೆದುಕೊಳ್ಳಲು ಅವನು ಸಿದ್ಧ, ಕೊಡಲು ನಾನು ಸಿದ್ಧ, ಸಿಸ್ಟಮ್ಮಿಗೆ ಮಾತ್ರ ಬೇರೆ ಏನೋ ಹಸಿವು. ಹಿಂದೆ ನಿಂತವರಿಗೆಲ್ಲ ಕೇಳುವಂತೆ ಹತ್ತೂ ಅಂಕಿ ಒಪ್ಪಿಸಿದೆ. ಅಂದಿನಿಂದ ನಂಜನಗೂಡು ರಸ್ತೆಯಲ್ಲಿ ಸೈಟು ಬೇಕಾ ಎಂದು ಕರೆಗಳು ಬರುತ್ತಿವೆ. ಬನಿಯನ್ನಿಗೂ ಸೈಟಿಗೂ ಏನು ನಂಟು ಎಂಬುದನ್ನು ಯಾವ ಜೋಯಿಸರಾದರೂ ಹೇಳಬಲ್ಲರೇ? ತಾವು ಬಲ್ಲಿರಿ.

ಇನ್ನು ವ್ಯಾಪಾರದ ವಿಷಯ. ನಮ್ಮ ವರ್ತನೆ ಹೂವಿನಮ್ಮ ಬುಟ್ಟಿಯ ಪಕ್ಕದಲ್ಲಿ ಕ್ಯೂಆರ್ ಕೋಡಿನ ಕಾರ್ಡು ನೇತುಹಾಕಿ, ಕೂಗುವ ಡಬ್ಬಿಯೊಂದನ್ನು ಇಟ್ಟುಕೊಂಡಿದ್ದಳು. ಮಲ್ಲಿಗೆಗೆ ದುಡ್ಡು ಹಾಕಿದೊಡನೆ ಅದು ‘ಎಂಬತ್ತು ರೂಪಾಯಿ ಸ್ವೀಕರಿಸಲಾಗಿದೆ’ ಎಂದು ಬೀದಿಗೆಲ್ಲ ಸಾರುತ್ತಿತ್ತು. ಮನೆಯಲ್ಲಿ ಅರವತ್ತು ಎಂದು ಹೇಳಿಕೊಳ್ಳುವ ನನ್ನ ಹಳೆಯ ಸ್ವಾತಂತ್ರ್ಯ ಹೋಯಿತು. 2025ರ ಜುಲೈನಲ್ಲಿ ನೋಡುತ್ತೇನೆ, ಕಾರ್ಡೂ ಇಲ್ಲ, ಡಬ್ಬಿಯೂ ಇಲ್ಲ. ‘ಕಾಸಿದ್ರೆ ಕೊಡಿ ಸ್ವಾಮಿ, ಇಲ್ಲಾಂದ್ರೆ ನಾಳೆ ಕೊಡಿ. ಫೋನ್ ಮಾತ್ರ ಬೇಡ’ ಎಂದಳು.

ಅವಳ ಭಯಕ್ಕೆ ಕಾರಣ ತಮಗೆ ತಿಳಿದದ್ದೇ. ಯುಪಿಐ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ರಾಜ್ಯದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತ್ತು. ವರ್ಷಕ್ಕೆ ಸರಕಿನ ವಹಿವಾಟು 40 ಲಕ್ಷ, ಸೇವೆಯದು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಆಗಬೇಕೆಂಬುದು ನಿಯಮ. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ನಾಲ್ಕು ವರ್ಷದ 1.63 ಕೋಟಿ ವಹಿವಾಟಿಗೆ 29 ಲಕ್ಷ ಕಟ್ಟಿ ಎಂದು ಬಂತು. ತಾಜಾ ತರಕಾರಿಗೆ ತೆರಿಗೆಯೇ ಇಲ್ಲ ಸ್ವಾಮಿ! ಖಾತೆಗೆ ಬಿದ್ದ ಕಾಸನ್ನು ತಾವು ಪೈಸೆ ಬಿಡದೆ ಕೂಡಿದಿರಿ. ಅದು ಬದನೆಕಾಯಿಯದೋ, ಚೀಟಿ ದುಡ್ಡೋ, ವಾಪಸು ಬಂದ ಕೈಸಾಲವೋ ಎಂದು ಕೂಡುವಾಗ ಯಾರೂ ಕೇಳಲಿಲ್ಲ. ಬೆಂಗಳೂರಿನ ಅಂಗಡಿಗಳಲ್ಲಿ ‘ನೋ ಯುಪಿಐ, ಓನ್ಲಿ ಕ್ಯಾಷ್’ ಎಂಬ ಚೀಟಿಗಳು ಎದ್ದವು. ಕೊನೆಗೆ ನಮ್ಮ ಮೈಸೂರಿನವರೇ ಆದ ಮುಖ್ಯಮಂತ್ರಿಗಳು ವ್ಯಾಪಾರಿಗಳನ್ನು ಕರೆಸಿ, ನೋಂದಣಿ ಮಾಡಿಸಿಕೊಂಡರೆ ಹಳೇ ಬಾಕಿ ಕೇಳುವುದಿಲ್ಲ ಎನ್ನಬೇಕಾಯಿತು. ತೆರಿಗೆ ತಪ್ಪಿಸುವವರನ್ನು ಹಿಡಿಯಬೇಡಿ ಎನ್ನುತ್ತಿಲ್ಲ; ದೊಡ್ಡವರ ಖಾತೆಗಳ ಮುಂದೆಯೂ ತಮ್ಮ ಕಣ್ಣು ಇಷ್ಟೇ ಚುರುಕಾಗಿರಲಿ ಎಂಬ ಆಸೆಯಷ್ಟೆ.

ಇದನ್ನೆಲ್ಲ ಕೇಳಲು ನೀನು ಯಾರು ಎನ್ನಬಹುದು. ನಮ್ಮ ಮಹಾರಾಜ ಕಾಲೇಜಿನಲ್ಲಿ ಓದಿದವರೊಬ್ಬರು ಕೇಳಿಯಾಗಿದೆ. ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಎಂಬತ್ತಾರರ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಖಾಸಗಿತನ ಮೂಲಭೂತ ಹಕ್ಕು ಎಂದು ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದ್ದು ಅವರ ಅರ್ಜಿಯ ಮೇಲೆಯೇ. ಆರು ವರ್ಷ ಕಳೆದು, 2023ರಲ್ಲಿ, ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಅದಕ್ಕೆ ನಿಯಮ ಹೊರಬರುವಷ್ಟರಲ್ಲಿ 2025ರ ನವೆಂಬರ್. ಅದರಲ್ಲೂ ಮುಖ್ಯ ಕಟ್ಟುಪಾಡುಗಳಿಗೆ ಅಲ್ಲಿಂದ ಮುಂದೆ 18 ತಿಂಗಳ ವಾಯಿದೆ. ಬನಿಯನ್ ಅಂಗಡಿಯ ಸಿಸ್ಟಮ್ಮಿಗೆ ಅರ್ಧ ನಿಮಿಷದ ತಾಳ್ಮೆಯೂ ಇರಲಿಲ್ಲ.

ಕಾಯ್ದೆ ಓದಿಸಿ ನೋಡಿದೆ. ತಮಗೆ 250 ಕೋಟಿವರೆಗೂ ದಂಡ ಇದೆ. ಸರ್ಕಾರ ಬೇಕೆಂದರೆ ತನ್ನ ಸಂಸ್ಥೆಗಳನ್ನು ಅದರಿಂದ ಹೊರಗಿಡಬಹುದು. ಸುಳ್ಳು ದೂರು ಕೊಟ್ಟರೆ ನನ್ನಂಥವನಿಗೂ 10,000 ರೂಪಾಯಿವರೆಗೆ ದಂಡವಂತೆ. ಆದ್ದರಿಂದಲೇ ಇದನ್ನು ದೂರು ಎನ್ನದೆ ಅರಿಕೆ ಎಂದಿದ್ದೇನೆ, ಗಮನಿಸಬೇಕು.

ಜನರನ್ನು ಗುರುತು ಮಾಡಿಡುವ ವಿದ್ಯೆ ಮೈಸೂರಿಗೆ ಗೊತ್ತಿಲ್ಲವೆಂದಲ್ಲ. 1962ರ ಚುನಾವಣೆಯಿಂದ ದೇಶದ ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಮಸಿ ನಮ್ಮ ಮೈಸೂರು ಬಣ್ಣ ಮತ್ತು ಅರಗು ಕಾರ್ಖಾನೆಯದು. ಮತ ಹಾಕಿದವನೋ ಅಲ್ಲವೋ ಎಂಬುದನ್ನು ಅದು ಹೇಳುತ್ತದೆ. ಯಾರಿಗೆ ಹಾಕಿದ ಎಂದು ಕೇಳಿದರೆ ಸುಮ್ಮನಿರುತ್ತದೆ. ಬೇಕಾದಷ್ಟು ಮಾತ್ರ ತಿಳಿದುಕೊಂಡು ಸುಮ್ಮನಿರುವ ತಂತ್ರಜ್ಞಾನ ಅದು. ತಮ್ಮ ಎಂಜಿನಿಯರುಗಳು ಇತ್ತ ಬಂದರೆ ಕಾರ್ಖಾನೆ ತೋರಿಸುವ ಏರ್ಪಾಡು ಮಾಡೋಣ.

ಈಗ ಅರಿಕೆ. ನನ್ನ ಬಗ್ಗೆ ಬರೆದಿಟ್ಟಿರುವ ಪಂಚಾಂಗವನ್ನು ಬರುವ ಯುಗಾದಿಗೆ ಅಚ್ಚು ಹಾಕಿಸಿ ಕಳಿಸಿಕೊಡಿ. ಸಾರಾಂಶ ಕೇಳುವ ಹಕ್ಕು ಕಾಯ್ದೆಯಲ್ಲೇ ಇದೆ. ಒಪ್ಪಿಗೆ ಕೇಳುವ ಕಾಗದ ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಲ್ಲೂ ಸಿಗಬೇಕೆಂದೂ ಇದೆ, ಹಾಗಾಗಿ ಎಲ್ಲವೂ ಕನ್ನಡದಲ್ಲೇ ಇರಲಿ. ಆದಾಯ-ವ್ಯಯದ ಪಕ್ಕದಲ್ಲಿ ‘ಮಾರಾಟ’ ಎಂದು ಇನ್ನೊಂದು ಕಾಲಂ ಇಟ್ಟು, ನನ್ನನ್ನು ಯಾರಿಗೆ ಎಷ್ಟಕ್ಕೆ ಕೊಟ್ಟಿರಿ ಎಂದು ನಮೂದಿಸಿ. ಮೂಲೆಯಲ್ಲಿ ದಾರಕ್ಕೆ ತೂತು ಇರಲಿ. ಬೆಲೆ ಎಷ್ಟೆಂದು ತಿಳಿಸಿದರೆ ಸಾಕು. ನೋಟು ಅಚ್ಚಾಗುವ ಮುದ್ರಣಾಲಯ ಇಲ್ಲೇ ಮೇಟಗಳ್ಳಿ ಕಡೆ ಇದೆ, ನಗದಾಗಿಯೇ ಕೊಡುತ್ತೇನೆ.

ಇಂತು ತಮ್ಮ ವಿಶ್ವಾಸಿ,
ಮಿಥುನ ರಾಶಿಯವನು