ಡಬ್ಬಾ ಪುರಾಣ

ನಮ್ಮ ಮನೆಗಳಲ್ಲಿ ಯಾವ ವಸ್ತುವೂ ತಾನಾಗಿ ಹಳತಾಗುವುದಿಲ್ಲ, ಯಾರಾದರೂ ಹಳತು ಎನ್ನಬೇಕು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲು ಬೆಂಬಲ ನಿಂತಿತು. ಹನ್ನೊಂದಕ್ಕೆ ಹೋಗೋಣವೆಂದರೆ ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು ಬೇಕಂತೆ. ಕೀಲಿಮಣೆ, ಪರದೆ ಎಲ್ಲ ನೆಟ್ಟಗಿದ್ದ ನನ್ನ ಲ್ಯಾಪ್‌ಟಾಪು ರಾತ್ರೋರಾತ್ರಿ ಮುದಿಯಾಯಿತು. ಮಗಳು ಅದನ್ನು ‘ಡಬ್ಬಾ’ ಎನ್ನತೊಡಗಿದಳು. “ಎಕ್ಸ್‌ಚೇಂಜಿಗೆ ಕೊಟ್ಟುಬಿಡಪ್ಪ” ಎಂದಳು. ವಿಚಾರಿಸಿದೆ. ಅಂಗಡಿಯವರು ಹೇಳಿದ ಬೆಲೆಗೆ ಅದರ ಚಾರ್ಜರೂ ಬರುವಂತಿರಲಿಲ್ಲ.

ಸರಿ, ಲಿನಕ್ಸ್ ಹಾಕೋಣ ಎಂದುಕೊಂಡರೆ, ಯಾವ ಲಿನಕ್ಸು? 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಬರೆದದ್ದು ಒಳಗಿನ ಕರ್ನೆಲ್ ಮಾತ್ರ. ಅದರ ಸುತ್ತ ಬೇಕಾದ್ದನ್ನು ಜೋಡಿಸಿ, ಹೆಸರಿಟ್ಟು ಹಂಚುವ ಹಕ್ಕು ಎಲ್ಲರಿಗೂ ಇದೆ. ಹಾಗಾಗಿ ನಾಮಕರಣದ ಗದ್ದಲವೇ ಗದ್ದಲ. ಡೆಬಿಯನ್ ಎಂಬುದು ಇಯಾನ್ ಮರ್ಡಾಕ್ ತನ್ನ ಹೆಸರನ್ನು ಗೆಳತಿ ಡೆಬ್ರಾಳ ಹೆಸರಿಗೆ ಅಂಟಿಸಿ ಇಟ್ಟದ್ದು. ನಾನು ಆರಿಸಿಕೊಂಡ ಮಿಂಟ್‌ನವರು ಪ್ರತಿ ಆವೃತ್ತಿಗೂ ‘ಆ’ಕಾರದಲ್ಲಿ ಮುಗಿಯುವ ಹೆಣ್ಣಿನ ಹೆಸರಿಡುತ್ತಾರೆ: ವಿಲ್ಮಾ, ಶಿಯಾ, ಝಾರಾ.

ರಾತ್ರಿ ಹನ್ನೊಂದರ ಹೊತ್ತಿಗೆ ನಾನು ಗೆಳೆಯನಿಗೆ ಫೋನಿನಲ್ಲಿ, “ಝಾರಾ ಇಳೀತಾ ಇದಾಳೆ ಕಣಯ್ಯ, ಮನೆಯವರೆಲ್ಲ ಮಲಗಿದ ಮೇಲೆ ನೋಡ್ತೀನಿ” ಎಂದದ್ದು ಅಡುಗೆಮನೆಯವರೆಗೂ ಕೇಳಿಸಿತು. ಮುಂದಿನ ಅರ್ಧ ಗಂಟೆ ನಾನು ಸ್ವತಂತ್ರ ತಂತ್ರಾಂಶದ ತತ್ವಗಳನ್ನು ವಿವರಿಸಿದಷ್ಟು ಶ್ರದ್ಧೆಯಿಂದ ಆ ಚಳವಳಿಯ ಹರಿಕಾರ ರಿಚರ್ಡ್ ಸ್ಟಾಲ್‌ಮನ್ ಕೂಡ ವಿವರಿಸಿರಲಾರರು.

ಮಿಂಟನ್ನು ಪೆನ್‌ಡ್ರೈವಿನಿಂದಲೇ ಓಡಿಸಿ ನೋಡಬಹುದು. ತನ್ನ ಚಾಪೆ ತಾನೇ ತಂದು, ಜಗಲಿಯಲ್ಲಿ ಮಲಗಿ, ಗೋಡೆಗೊಂದು ಮೊಳೆಯನ್ನೂ ಹೊಡೆಯದೆ ಎದ್ದುಹೋಗುವ ನೆಂಟನ ಹಾಗೆ ಅದು ಒಳಗಿನ ಡಿಸ್ಕನ್ನು ಮುಟ್ಟುವುದಿಲ್ಲ. ವೈಫೈ ಸಿಕ್ಕಿತು, ಸದ್ದು ಬಂತು. ನೆಂಟನನ್ನು ಉಳಿಸಿಕೊಂಡೆ.

ವೇಗದ ಬಗ್ಗೆ ಲಿನಕ್ಸ್ ಭಕ್ತರ ಮಾತನ್ನು ಪೂರ್ತಿ ನಂಬಬೇಡಿ. ಎಕ್ಸ್‌ಎಫ್‌ಸಿಇ ಎಂಬ ಹಗುರ ಡೆಸ್ಕ್‌ಟಾಪ್ ಹಾಕಿದರೂ, ಬ್ರೌಸರಿನಲ್ಲಿ ಸಾಲುಸಾಲು ಟ್ಯಾಬು ತೆರೆದರೆ 4 ಜಿಬಿ ರ‍್ಯಾಮು ಇಲ್ಲೂ ಏದುಸಿರು ಬಿಡುತ್ತದೆ. ನನ್ನನ್ನು ಗೆದ್ದದ್ದು ಕೀಲಿಮಣೆಯ ಪಟ್ಟಿಯಲ್ಲಿ ಕರೆಯದೇ ಕೂತಿದ್ದ ಕಗಪ ಎಂಬ ಕನ್ನಡ ವಿನ್ಯಾಸ. ಎ, ಎಂ, ಎಫ್, ಎಂ ಒತ್ತಿದೆ. ‘ಅಮ್ಮ’ ಮೂಡಿತು. ನುಡಿ ತಂತ್ರಾಂಶದಲ್ಲಿ ಪಳಗಿದ ಬೆರಳಿಗೆ ಅದು ತೀರಾ ಹೊಸದೆನಿಸಲಿಲ್ಲ. ಅಕ್ಷರಗಳಿಗೆ ಗುಬ್ಬಿ, ನವಿಲು ಎಂಬ ಫಾಂಟುಗಳೂ ಸಿಕ್ಕವು. ಲಿನಕ್ಸಿನ ಗುರುತಾದ ಪೆಂಗ್ವಿನ್ನಿಗೆ ಅಂತೂ ನಮ್ಮ ಕಡೆಯ ಒಡನಾಡಿಗಳು!

ಆದರೆ ಯೂನಿಕೋಡಿಗೂ ಮುಂಚಿನ ನನ್ನ ಹಳೆಯ ಬರಹಗಳನ್ನು ತೆರೆದರೆ ಪರದೆ ತುಂಬ ಟೋಪಿ ಹಾಕಿದ, ಬಾಲ ಬಿಟ್ಟ ಇಂಗ್ಲಿಷ್ ಅಕ್ಷರಗಳ ಜಾತ್ರೆ. ಮಗಳು ಇಣುಕಿ, “ಮೊದಲಿಗಿಂತ ಚೆನ್ನಾಗಿದೆ” ಎಂದಳು. ಅವನ್ನೆಲ್ಲ ಒಂದೊಂದಾಗಿ ಪರಿವರ್ತಕಕ್ಕೆ ಹಾಕುತ್ತಿದ್ದೇನೆ.

ಸುದ್ದಿ ಹರಡಿ, ಮಹಡಿ ಮನೆಯ ಮೇಷ್ಟ್ರು ತಮ್ಮ ಲ್ಯಾಪ್‌ಟಾಪನ್ನು ಬಗಲಲ್ಲಿಟ್ಟುಕೊಂಡು ಇಳಿದು ಬಂದರು.

“ಇದಕ್ಕೂ ಆ ಮಿಂಟು ಹಾಕಬಹುದಾ?”

“ಧಾರಾಳವಾಗಿ, ಸಾರ್. ಆನ್ ಆಗುತ್ತೆ ತಾನೇ?”

“ಅದೊಂದು ಬಿಟ್ಟು ಬೇರೇನೂ ತೊಂದರೆ ಇಲ್ಲ.”