ನಮ್ಮ ಧಾರವಾಡದಾಗ ಹಿಂಗಿಲ್ರೀ

ಬೆಂಗಳೂರಿನ ಯಾವ ಅಪಾರ್ಟ್‌ಮೆಂಟಿಗಾದರೂ ಹೋಗಿ, ಒಬ್ಬರು ಧಾರವಾಡದವರು ಇದ್ದೇ ಇರುತ್ತಾರೆ. ಹುಡುಕುವ ಶ್ರಮ ಬೇಡ. ಲಿಫ್ಟು ಎರಡು ಮಹಡಿ ಏರುವಷ್ಟರಲ್ಲಿ ಅವರೇ ಹೇಳಿರುತ್ತಾರೆ. ವಿಜಯನಗರದ ಒಂದು ಕಟ್ಟಡದ ಮೂರನೇ ಮಹಡಿಯಲ್ಲಿರುವ ಇವರಿಗೆ ತಂದೆತಾಯಿ ಇಟ್ಟ ಹೆಸರೂ ಒಂದಿದೆ. ಆಧಾರ್ ಕಾರ್ಡು, ಕರೆಂಟ್ ಬಿಲ್ಲು ಬಿಟ್ಟರೆ ಅದರ ಬಳಕೆ ನಿಂತು ಬಹಳ ಕಾಲವಾಯಿತು. ಹಾಲಿನವನಿಗೆ, ಇಸ್ತ್ರಿಯವನಿಗೆ, ಅಸೋಸಿಯೇಷನ್ನಿನ ಕಾರ್ಯದರ್ಶಿಗೆ, ಎಲ್ಲರಿಗೂ ಅವರು ‘ಧಾರವಾಡದವರು’. ಅದರಿಂದ ಅವರಿಗೆ ಬೇಸರವಿಲ್ಲ. ಯಾರಾದರೂ ‘ಹುಬ್ಬಳ್ಳಿಯವರು’ ಎಂದರೆ ಮಾತ್ರ ಅವತ್ತು ಊಟ ಸೇರುವುದಿಲ್ಲ.

‘ಹುಬ್ಬಳ್ಳಿ ಬ್ಯಾರೆ, ಧಾರವಾಡ ಬ್ಯಾರೆ ರೀ. ಅದು ವ್ಯಾಪಾರದ ಊರು, ಇದು ವಿದ್ಯಾದ ಊರು’ ಎಂದು ಅವರು ತಿದ್ದುತ್ತಾರೆ. ಎರಡೂ ಊರುಗಳನ್ನು 1962ರಲ್ಲಿ ಒಂದೇ ಮಹಾನಗರ ಪಾಲಿಕೆ ಮಾಡಿದ್ದು ಅವರ ದೃಷ್ಟಿಯಲ್ಲಿ ಜಾತಕ ನೋಡದೆ ಮಾಡಿದ ಮದುವೆ. ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆ ಎಂದು 2025ರ ಜನವರಿಯಲ್ಲಿ ಸಚಿವ ಸಂಪುಟ ಒಪ್ಪಿದ ಸುದ್ದಿ ಬಂದಾಗ ಅವರು ಮನೆಮನೆಗೂ ಪೇಢೆ ಹಂಚಿದರು. ಮಗಳ ಮದುವೆ ಗೊತ್ತಾಯಿತೇನೋ ಎಂದು ಎದುರು ಮನೆಯವರು ಅಭಿನಂದನೆ ಹೇಳಿದರು. ಅವರು ಅದನ್ನೂ ಸ್ವೀಕರಿಸಿದರು.

ಬೆಂಗಳೂರಿನ ಮೇಲೆ ಅವರಿಗಿರುವ ದೂರುಗಳು ಒಂದೆರಡಲ್ಲ. ಸಾರಿಗೆ ಬೆಲ್ಲ ಹಾಕುತ್ತಾರೆ. ರೊಟ್ಟಿ ಕೇಳಿದರೆ ಮೈದಾದ್ದು ತಂದಿಡುತ್ತಾರೆ. ಮನೆಗೆ ಬರುವ ಮುಂಚೆ ಫೋನ್ ಮಾಡಿ ಕೇಳುತ್ತಾರೆ. ಈ ಮೂರನೆಯದು ಅವರಿಗೆ ಎಲ್ಲಕ್ಕಿಂತ ನಾಟಿದೆ. ‘ಹೋಗಲಿಕ್ಕೆ ಪರವಾನಗಿ ಬೇಕಂದ್ರ ಅದು ಮನಿ ಏನ್ರೀ, ಕಲೆಕ್ಟರ್ ಆಫೀಸು!’

ಟ್ರಾಫಿಕ್ಕಿನ ಮಾತು ಬಂದರೆ ಪರ್ಸಿನಿಂದ ಮಡಿಚಿದ ಪೇಪರ್ ಕಟಿಂಗ್ ಒಂದು ಹೊರಗೆ ಬರುತ್ತದೆ. ಟಾಮ್‌ಟಾಮ್ ಎಂಬ ಡಚ್ ಕಂಪನಿ ಜಗತ್ತಿನ ಊರುಗಳ ವಾಹನ ದಟ್ಟಣೆಯನ್ನು ಅಳೆದು ಪಟ್ಟಿ ಮಾಡುತ್ತದೆ. 2022ರ ಪಟ್ಟಿಯಲ್ಲಿ ಬೆಂಗಳೂರು ಲಂಡನ್ನಿನ ನಂತರ ಎರಡನೆಯದು. ನಗರದ ನಡುವೆ 10 ಕಿಲೋಮೀಟರ್ ಸಾಗಲು ಸರಾಸರಿ 29 ನಿಮಿಷ 10 ಸೆಕೆಂಡು. ಧಾರವಾಡದವರಿಗೆ ಆ 10 ಸೆಕೆಂಡೂ ಬಾಯಿಪಾಠ. ‘ನಮ್ಮ ಧಾರವಾಡದಾಗ ಹತ್ತು ಕಿಲೋಮೀಟರ್ ಹೋದ್ರ ಊರs ಮುಗದು ನವನಗರದ ಹತ್ರ ಬಂದಿರ್ತೀರಿ’ ಎನ್ನುತ್ತಾರೆ. ಲೆಕ್ಕ ಸರಿಯಾಗಿಯೇ ಇದೆ. 2011ರ ಜನಗಣತಿಯಲ್ಲಿ ಬೆಂಗಳೂರು ಪಾಲಿಕೆಯ ಜನ 84 ಲಕ್ಷ. ಹುಬ್ಬಳ್ಳಿ ಧಾರವಾಡ ಎರಡನ್ನೂ ಕೂಡಿಸಿದರೆ ಒಂಬತ್ತೂವರೆ ಲಕ್ಷಕ್ಕೆ ತುಸು ಕಡಿಮೆ. ಆದರೆ ಇದನ್ನು ಹೇಳುವಾಗ ಅವರು ಹುಬ್ಬಳ್ಳಿಯನ್ನು ಕೂಡಿಸಿಕೊಳ್ಳಲು ಒಪ್ಪುವುದಿಲ್ಲ.

ಬೇಸಿಗೆಯಲ್ಲಿ ನೀರಿನ ಟ್ಯಾಂಕರ್ ಬಂದ ದಿನ ಅವರ ಮುಖ ನೋಡಬೇಕು. 2024ರ ಮಾರ್ಚಿನಲ್ಲಿ ಕೊಳವೆಬಾವಿಗಳು ಬತ್ತಿ ಇಡೀ ನಗರ ಟ್ಯಾಂಕರಿನ ಹಿಂದೆ ಓಡುತ್ತಿದ್ದಾಗ ಅವರು ಕೆಳಗೆ ಗೇಟಿನ ಬಳಿಯೇ ನಿಂತುಬಿಟ್ಟರು. ‘ನೂರು ಕಿಲೋಮೀಟರ್ ದೂರದಿಂದ ಹೊಳಿ ನೀರು ಎತ್ತಿ ತಂದು ಕುಡಿಯೂ ಊರಾಗ ಮನಶ್ಯಾರು ಇರಬೇಕೇನ್ರೀ?’ ಮಾತು ಸುಳ್ಳಲ್ಲ. ಕಾವೇರಿ ನೀರನ್ನು ತೊರೆಕಾಡನಹಳ್ಳಿಯಿಂದ ಸುಮಾರು ಅಷ್ಟೇ ದೂರ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪು ಮಾಡಿ ತರಲಾಗುತ್ತದೆ. ಆದರೆ ಅವರು ಹುಟ್ಟಿ ಬೆಳೆದ ಮನೆಗೆ ಬರುವ ಮಲಪ್ರಭೆಯ ನೀರೂ ಸವದತ್ತಿಯ ಕಡೆಯಿಂದ ಪಂಪಿನಲ್ಲೇ ಬರಬೇಕು. ಅದೂ ದಿನಾ ಅಲ್ಲ. ನೀರು ಬರುವ ದಿನ ಹಂಡೆ, ಕೊಡ, ಕೊಳಗ, ಕೊನೆಗೆ ಚಹದ ಪಾತ್ರೆಯನ್ನೂ ತುಂಬಿಟ್ಟುಕೊಂಡು ಮುಂದಿನ ಸರದಿಗೆ ಆರೇಳು ದಿನ ಕಾಯುವುದು ಧಾರವಾಡದ ಹಳೆಯ ಓಣಿಗಳಿಗೆ ಹೊಸದೇನಲ್ಲ. ಪಕ್ಕದ ಮನೆಯ ಮೇಷ್ಟ್ರು ಇದನ್ನು ನೆನಪಿಸಿದರು. ಧಾರವಾಡದವರು ಅಳುಕಲಿಲ್ಲ. ‘ವಾರಕ್ಕೊಮ್ಮೆ ಬರ್ತದ, ಖರೆ. ಆದ್ರ ಬಂದಾಗ ಏನ್ ರುಚಿ ಇರ್ತದ್ರೀ!’

ಹವೆಯ ವಿಷಯದಲ್ಲೂ ಹೀಗೇ. ಬೆಂಗಳೂರು ಧಾರವಾಡಕ್ಕಿಂತ ಎತ್ತರದಲ್ಲಿದೆ ಎಂದು ಅದೇ ಮೇಷ್ಟ್ರು ಭೂಪಟ ತಂದು ತೋರಿಸಿದರೆ, ‘ಎತ್ತರ ತಗೊಂಡು ಏನ್ ಮಾಡ್ತೀರಿ? ಗಾಳಿ ಯಾವ ಕಡೆಯಿಂದ ಬರ್ತದ ಅದನ್ನ ನೋಡ್ರಿ’ ಎಂದರು. ಮಲೆನಾಡಿನ ಸೆರಗಿನಲ್ಲಿರುವ ಊರಿನ ಜಿಟಿಜಿಟಿ ಮಳೆಯನ್ನು ವರ್ಣಿಸುವಾಗ ಅವರ ಕಣ್ಣು ಅರ್ಧ ಮುಚ್ಚಿರುತ್ತದೆ. ಅಂಥ ಹೊತ್ತಿನಲ್ಲಿ ಎದ್ದು ಹೋಗುವುದು ಸಭ್ಯತೆಯಲ್ಲ.

ಸಾಹಿತ್ಯಕ್ಕೆ ಬಂದರೆ ಅವರ ಲೆಕ್ಕಾಚಾರ ಇನ್ನೂ ಉದಾರ. ಕನ್ನಡಕ್ಕೆ ಬಂದ ಎಂಟು ಜ್ಞಾನಪೀಠಗಳಲ್ಲಿ ನಾಲ್ಕನ್ನು ಅವರು ಧಾರವಾಡದ ಖಾತೆಗೆ ಜಮಾ ಮಾಡಿಕೊಂಡಿದ್ದಾರೆ. ಸಾಧನಕೇರಿಯ ಬೇಂದ್ರೆಯವರದು ತಕರಾರಿಲ್ಲದ್ದು. ಗೋಕಾಕರು ಹುಟ್ಟಿದ್ದು ಸವಣೂರಿನಲ್ಲಾದರೂ ಓದಿದ್ದು ಕರ್ನಾಟಕ ಕಾಲೇಜಿನಲ್ಲಿ, ಜಮಾ. ಗಿರೀಶ ಕಾರ್ನಾಡರು ಬಿ.ಎ. ಮಾಡಿದ್ದೂ ಅದೇ ಕಾಲೇಜಿನಲ್ಲಿ, ಜಮಾ. ಕಂಬಾರರು ಘೋಡಗೇರಿಯವರು, ಆದರೆ ಡಾಕ್ಟರೇಟು ಕರ್ನಾಟಕ ವಿಶ್ವವಿದ್ಯಾಲಯದ್ದು; ಅದೂ ಜಮಾ. ‘ಕಾರ್ನಾಡರೂ ಕಂಬಾರರೂ ಕೊನೆಗೆ ಮನೆ ಮಾಡಿದ್ದು ಬೆಂಗಳೂರಿನಲ್ಲೇ ಅಲ್ಲವೇ?’ ಎಂದು ಯಾರೋ ಕೆಣಕಿದರು. ‘ಇದ್ದದ್ದು ಇಲ್ಲೆ. ಬರದದ್ದು ಅಲ್ಲಿಂದು’ ಎಂದು ಒಂದೇ ಏಟಿಗೆ ಮುಗಿಸಿದರು. 1890ರಲ್ಲಿ ಹುಟ್ಟಿದ ವಿದ್ಯಾವರ್ಧಕ ಸಂಘ, 1933ರಿಂದ ಪುಸ್ತಕ ಹೊರಡಿಸುತ್ತಿರುವ ಮನೋಹರ ಗ್ರಂಥಮಾಲೆ, ಎರಡರ ಹೆಸರೂ ಅವರ ನಾಲಗೆಯ ತುದಿಯಲ್ಲಿವೆ. ಮಾಲೆಯ ಪುಸ್ತಕಗಳನ್ನು ತರಿಸುತ್ತಾರೆ ಕೂಡ. ಟಿ.ವಿ.ಯ ಪಕ್ಕದ ಕಪಾಟಿನಲ್ಲಿ ಅವು ಸಾಲಾಗಿ ನಿಂತಿವೆ. ಕೆಲವಕ್ಕೆ ಅಂಚೆಯ ಸುತ್ತುಕಾಗದ ಇನ್ನೂ ಹಾಗೇ ಇದೆ.

ಅವರ ಅಭಿಮಾನ ಮನುಷ್ಯರಿಗಷ್ಟೇ ಸೀಮಿತವಲ್ಲ. 2021ರಲ್ಲಿ ಕರ್ನಾಲಿನ ರಾಷ್ಟ್ರೀಯ ಪಶು ತಳಿ ಸಂಸ್ಥೆ ‘ಧಾರವಾಡಿ’ ಎಮ್ಮೆಯನ್ನು ಪ್ರತ್ಯೇಕ ತಳಿಯೆಂದು ನೋಂದಾಯಿಸಿಕೊಂಡಿತು. ಅಧ್ಯಯನ ಮಾಡಿದ್ದು ಧಾರವಾಡದ ಕೃಷಿ ವಿಶ್ವವಿದ್ಯಾಲಯ. ಸುದ್ದಿ ಓದಿದ ದಿನ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಎಮ್ಮೆಯ ಚಿತ್ರ ಬಂತು, ಕೆಳಗೆ ‘ನಮ್ಮ ಹೆಮ್ಮೆ’ ಎಂಬ ಒಕ್ಕಣೆ. ಆ ಗುಂಪು ಇರುವುದು ಮೇಂಟೆನೆನ್ಸ್ ಹಣ ಮತ್ತು ಪಾರ್ಕಿಂಗ್ ಜಗಳಕ್ಕೆ ಮಾತ್ರ ಎಂದು ಕಾರ್ಯದರ್ಶಿ ನಯವಾಗಿ ನೆನಪಿಸಿದರು. ‘ಪೇಢೆ ತಿನ್ನುವಾಗ ನೆನಪಾಗಲಿಲ್ಲೇನು, ಹಾಲು ಎಲ್ಲಿಂದ ಬಂತು ಅಂತ?’ ಎಂಬ ಉತ್ತರಕ್ಕೆ ಹದಿನಾಲ್ಕು ಹೆಬ್ಬೆರಳುಗಳು ಬಿದ್ದವು.

ಪೇಢೆಯ ಇತಿಹಾಸ ಮಾತ್ರ ಅವರೆದುರು ಎತ್ತಬಾರದ ವಿಷಯ. ಭೌಗೋಳಿಕ ಸೂಚಿಕೆಯ ಮುದ್ರೆ ಬಿದ್ದ ಈ ಸಿಹಿಯನ್ನು ಊರಿಗೆ ತಂದವರು ಧಾರವಾಡದವರಲ್ಲ, ಕನ್ನಡಿಗರೂ ಅಲ್ಲ. ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ ಪ್ಲೇಗಿನ ಕಾಲದಲ್ಲಿ ಹೊಟ್ಟೆಪಾಡಿಗೆ ಬಂದ ಠಾಕೂರರ ಕುಟುಂಬ. ಅಂದರೆ ಹುಟ್ಟೂರು ಬಿಟ್ಟು ಇನ್ನೊಂದೂರಿಗೆ ಹೋಗಿ, ಅಲ್ಲಿಗೆ ಒಗ್ಗಿಕೊಂಡು, ಆ ಊರಿನ ಹೆಸರನ್ನೇ ದೊಡ್ಡದು ಮಾಡಿದವರು. ಲೈನ್ ಬಜಾರಿನ ಅಂಗಡಿಯ ಮುಂದೆ ನಿಂತು ಆ ಠಾಕೂರರೂ ‘ನಮ್ಮ ಉನ್ನಾವಿನಲ್ಲಿ ಹೀಗಿಲ್ಲ’ ಎನ್ನುತ್ತಿದ್ದರೋ ಏನೋ. ಹೇಳಿದ್ದರೂ, ಪೇಢೆ ಬಾಯಲ್ಲಿಟ್ಟುಕೊಂಡ ಗಿರಾಕಿಗಳಿಗೆ ಕೇಳಿಸಿರಲಾರದು.

ಇಂಥವರು ಧಾರವಾಡಕ್ಕೆ ಮಾತ್ರ ಮೀಸಲೆಂದು ಯಾರೂ ತಿಳಿಯಬೇಕಿಲ್ಲ. ಅದೇ ಕಟ್ಟಡದ ಎರಡನೇ ಮಹಡಿಯ ಮೈಸೂರಿನವರು ಶುಕ್ರವಾರ ಸಂಜೆಯೇ ಎಕ್ಸ್‌ಪ್ರೆಸ್‌ವೇ ಹಿಡಿದು ಊರಿಗೆ ಓಡುತ್ತಾರೆ. ಭಾನುವಾರ ರಾತ್ರಿ ಮರಳಿ ಬಂದು, ಅಲ್ಲಿ ಎಲ್ಲಿಗೆ ಹೋದರೂ ಹತ್ತೇ ನಿಮಿಷವೆಂದು ಸೋಮವಾರವಿಡೀ ಹೇಳುತ್ತಾರೆ. ಮಂಗಳೂರಿನವರಿಗೆ ಇಲ್ಲಿನ ಮೀನು ಮೀನೇ ಅಲ್ಲ. ತೀರ್ಥಹಳ್ಳಿಯವರು ಇಲ್ಲಿನ ಮಳೆಯನ್ನು ಮಳೆಯೆಂದು ಒಪ್ಪುವುದಿಲ್ಲ. ಮಲ್ಲೇಶ್ವರದಲ್ಲಿ ಹುಟ್ಟಿ ಬೆಳೆದ ನೆಲಮಹಡಿಯ ಅಜ್ಜಿಯೊಬ್ಬರು ಇದನ್ನೆಲ್ಲ ಕೇಳಿ ಕೇಳಿ ಒಂದು ದಿನ, ‘ನೀವೆಲ್ಲ ರೈಲು ಹತ್ತಿದರೆ ನಿಮ್ಮೂರು ಸಿಗುತ್ತೆ. ನಮ್ಮೂರಿಗೆ ಯಾವ ರೈಲು ಹೋಗುತ್ತೆ ಹೇಳಿ’ ಎಂದರು. ಅವತ್ತು ಕಟ್ಟೆಯ ಸಭೆ ಬೇಗ ಬರಖಾಸ್ತಾಯಿತು.

ಧಾರವಾಡದವರಿಗೆ ರೈಲಿನ ಕೊರತೆಯಿಲ್ಲ. 2023ರ ಜೂನ್ 27ರಂದು ಬೆಂಗಳೂರು ಧಾರವಾಡ ವಂದೇ ಭಾರತ್ ಶುರುವಾಯಿತು. ಬೆಳಗಾಗುವ ಮುಂಚೆ ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಊರು. ಅಲ್ಲಿ ಇಳಿದ ಮೇಲಿನ ಅವರನ್ನು ಬೆಂಗಳೂರಿನ ನೆರೆಯವರು ಕಂಡಿಲ್ಲ. ಕಂಡಿದ್ದರೆ ಗುರುತು ಹಿಡಿಯುತ್ತಿರಲಿಲ್ಲ. ಆಟೊ ಬರುವುದು ಹತ್ತು ನಿಮಿಷ ತಡವಾದರೆ, ‘ನಮ್ಮ ಬೆಂಗಳೂರಾಗ ಆ್ಯಪ್ ಒತ್ತಿದ್ರ ಮನಿ ಮುಂದ ಬಂದು ನಿಂದರ್ತದ.’ ಅಂಗಡಿಯವನು ಮಧ್ಯಾಹ್ನ ಬಾಗಿಲೆಳೆದುಕೊಂಡು ಮಲಗಲು ಹೋದರೆ, ‘ಹಿಂಗಾದ್ರ ಊರು ಉದ್ಧಾರ ಆಗ್ತದೇನು?’ 2018ರಲ್ಲಿ ಓಡಾಟ ಶುರುಮಾಡಿದ ಚಿಗರಿ ಬಸ್ಸನ್ನು ಹತ್ತಿ, ತಣ್ಣನೆಯ ಎ.ಸಿ.ಯಲ್ಲಿ ಕುಳಿತು, ರಸ್ತೆ ಅಗಲ ಮಾಡಲು ಮರ ಕಡಿದದ್ದಕ್ಕೆ ಹುಬ್ಬಳ್ಳಿ ಮುಟ್ಟುವವರೆಗೂ ಮರುಗುತ್ತಾರೆ. ಅವರ ಲೆಕ್ಕದಲ್ಲಿ ಧಾರವಾಡ 1993ರಲ್ಲಿ, ಅವರು ಬ್ಯಾಂಕಿನ ನೌಕರಿಗೆಂದು ಟ್ರಂಕು ಹಿಡಿದು ಹೊರಟ ದಿನ ಹೇಗಿತ್ತೋ ಹಾಗೇ ಇರಬೇಕಿತ್ತು. ಅಲ್ಲೇ ಉಳಿದ ತಮ್ಮ ಒಮ್ಮೆ ಸಿಟ್ಟಿಗೆದ್ದು ಹೇಳಿದ್ದುಂಟು: ‘ಅಣ್ಣಾ, ನಾವು ಇಲ್ಲೆ ಬದುಕಬೇಕೋ, ಏನ್ ನಿನ್ನ ನೆನಪು ಕಾಯ್ಕೊಂಡು ಕುಂದರಬೇಕೋ?’

ಬೆಂಗಳೂರು ನಿಜವಾಗಿ ಒಗ್ಗದೇ ಹೋದವರು ಆ ಮನೆಯಲ್ಲಿ ಬೇರೆಯೇ ಒಬ್ಬರಿದ್ದರು. ತಾಯಿ ತೀರಿಕೊಂಡ ಮೇಲೆ ಧಾರವಾಡದವರು ತಮ್ಮ ಅಪ್ಪನನ್ನು, ಪ್ರಾಥಮಿಕ ಶಾಲೆಯ ನಿವೃತ್ತ ಮಾಸ್ತರರನ್ನು, ಇಲ್ಲಿಗೆ ಕರೆತಂದಿದ್ದರು. ಅಜ್ಜನಿಗೆ ಪ್ರತ್ಯೇಕ ಕೋಣೆ, ಟಿ.ವಿ., ಬಾಲ್ಕನಿಯಲ್ಲೊಂದು ಆರಾಮ ಕುರ್ಚಿ. ಸೊಸೆ ಬಿಸಿ ರೊಟ್ಟಿ ಮಾಡಿ ಹಾಕುತ್ತಿದ್ದಳು. ಕೊರತೆ ಒಂದೇ: ಹಗಲೆಲ್ಲ ಮಾತಾಡಲು ಯಾರೂ ಇರಲಿಲ್ಲ. ಅವರು ದಿನಾ ಬೆಳಿಗ್ಗೆ ಧೋತರ ಉಟ್ಟು, ಟೊಪ್ಪಿಗೆ ಹಾಕಿಕೊಂಡು ಕೆಳಗಿಳಿದು ಗೇಟಿನ ಸೆಕ್ಯುರಿಟಿಯವನ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರತೊಡಗಿದರು. ಅವನು ರಾಯಚೂರು ಕಡೆಯವನು. ಹನ್ನೆರಡು ತಾಸಿನ ಡ್ಯೂಟಿ. ಇಬ್ಬರೂ ಮಳೆ, ತೊಗರಿ, ಜೋಳದ ಧಾರಣೆ ಮಾತಾಡುವರು. ಮಾತು ಮುಗಿದಾಗ ಸುಮ್ಮನೆ ಕಾರುಗಳನ್ನು ಎಣಿಸುವರು. ಒಂದು ದಿನ ಏಜೆನ್ಸಿಯವರು ಅವನನ್ನು ಬೇರೆ ಕಟ್ಟಡಕ್ಕೆ ಹಾಕಿದರು. ಅವನ ಜಾಗಕ್ಕೆ ಬಂದವನಿಗೆ ಕನ್ನಡ ಬರುತ್ತಿರಲಿಲ್ಲ. ವಾರದೊಳಗೆ ಅಜ್ಜ, ‘ನಾ ಊರಿಗೆ ಹೊಕ್ಕೀನಪಾ’ ಎಂದರು. ಏನು ತೊಂದರೆ ಎಂದು ಮಗ ಎಷ್ಟು ಕೇಳಿದರೂ ಬೆಂಗಳೂರಿನ ಮೇಲೆ ಒಂದು ದೂರೂ ಹೇಳಲಿಲ್ಲ. ‘ಊರು ಛಲೋನs ಅದ’ ಎಂದರು, ಚೀಲ ಹಿಡಿದು ಹೊರಟರು.

ಆ ರಾಯಚೂರಿನವನೂ ಊರಿನ ಬಗ್ಗೆ ಎಂದೂ ಹೆಮ್ಮೆಯ ಮಾತಾಡಿದವನಲ್ಲ. ಅಲ್ಲಿ ಕೆಲಸವಿದ್ದಿದ್ದರೆ ಅವನು ಇಲ್ಲಿಗೆ ಬರುತ್ತಲೇ ಇರಲಿಲ್ಲ. ಕಲ್ಯಾಣ ಕರ್ನಾಟಕದಿಂದ ಗುಳೆ ಬಂದು ಈ ನಗರದ ಕಟ್ಟಡಗಳಿಗೆ ಇಟ್ಟಿಗೆ ಹೊತ್ತವರೂ ಅಷ್ಟೆ. ‘ನಮ್ಮೂರಾಗ ಹಿಂಗಿಲ್ಲ’ ಎನ್ನಲು ಸ್ವಲ್ಪ ಬಿಡುವು, ಕೇಳಲೊಂದು ಅಪಾರ್ಟ್‌ಮೆಂಟ್ ಅಸೋಸಿಯೇಷನ್, ತಿಂಗಳ ಕೊನೆಗೆ ಸಂಬಳವೋ ಪಿಂಚಣಿಯೋ, ಇಷ್ಟೂ ಬೇಕಾಗುತ್ತದೆ.

ನಮ್ಮ ಧಾರವಾಡದವರಿಗೆ ಈ ಮೂರೂ ಇವೆ. ನಿವೃತ್ತಿಯಾದ ಮರುದಿನವೇ ಊರಿಗೆ ಎಂದು ಅವರು ಹೇಳುತ್ತಲೇ ಬಂದಿದ್ದಾರೆ. ಸತ್ತೂರಿನ ಕಡೆ ಸೈಟೂ ಕೊಂಡಿದ್ದಾರೆ. ಸೈಟಿನಲ್ಲಿ ಸದ್ಯ ಹುಲ್ಲು ಚೆನ್ನಾಗಿ ಬೆಳೆದಿದೆ. ನಿವೃತ್ತಿ ಕಳೆದ ವರ್ಷವೇ ಆಯಿತು. ‘ಮೊಣಕಾಲಿನ ಡಾಕ್ಟರು ಇಲ್ಲೇ ಇದ್ದಾರ ನೋಡ್ರಿ’ ಎನ್ನುತ್ತಾರೆ. ಸತ್ತೂರಿನಲ್ಲೇ ದೊಡ್ಡ ಮೆಡಿಕಲ್ ಕಾಲೇಜು, ಆಸ್ಪತ್ರೆ ಇದೆ ಎಂಬುದನ್ನು ನೆರೆಯವರು ಸೌಜನ್ಯಕ್ಕೆ ಹೇಳುವುದಿಲ್ಲ. ಹೇಳಿದವರು ಅವರ ಹೆಂಡತಿಯೇ. ಒಂದು ಸಂಜೆ ಗಿರಮಿಟ್ಟು, ಮಿರ್ಚಿ ಭಜಿ ಬಡಿಸುತ್ತ, 2006ರಲ್ಲಿ ಬ್ಯಾಂಕಿನವರು ತಾವಾಗಿಯೇ ಇವರನ್ನು ಹುಬ್ಬಳ್ಳಿಗೆ ವರ್ಗ ಮಾಡಿದ್ದರೆಂದೂ, ಇವರು ಹೆಡ್ಡಾಫೀಸಿಗೆ ನಾಲ್ಕು ಸಲ ಓಡಾಡಿ ಅದನ್ನು ರದ್ದು ಮಾಡಿಸಿಕೊಂಡರೆಂದೂ ಬಂದವರೆದುರು ಹೇಳಿಬಿಟ್ಟರು. ಭಜಿ ಕಚ್ಚಿದ್ದ ಧಾರವಾಡದವರು ಖಾರ ಹತ್ತಿದವರಂತೆ ನೀರು ಕುಡಿದು ಸುಧಾರಿಸಿಕೊಂಡರು. ‘ಹುಬ್ಬಳ್ಳಿ ಅಂತ ಬಿಟ್ಟೆ. ಧಾರವಾಡ ಆಗಿದ್ರ ಅವತ್ತs ಹೋಗ್ತಿದ್ದೆ.’

ಹುಬ್ಬಳ್ಳಿಗೂ ಧಾರವಾಡಕ್ಕೂ ನಡುವೆ ಇರುವುದು ಸುಮಾರು 20 ಕಿಲೋಮೀಟರ್. ವಿಜಯನಗರದಿಂದ ಕೋರಮಂಗಲದ ಶಾಖೆಗೆ ಅವರು ವರ್ಷಗಟ್ಟಲೆ ದಿನಾ ಹೋಗಿಬಂದದ್ದು ಅದಕ್ಕಿಂತ ಹೆಚ್ಚು ಹೊತ್ತಿನ ದಾರಿ.

ನಿಮ್ಮ ಕಟ್ಟಡದಲ್ಲೂ ಇಂಥವರೊಬ್ಬರು ಇರುತ್ತಾರೆ. ಅವರೊಡನೆ ವಾದಕ್ಕಿಳಿಯಬೇಡಿ, ಗೆಲ್ಲಲಾರಿರಿ. ಊರಿಂದ ಬಂದು ಪೇಢೆಯ ಡಬ್ಬಿ ಮುಂದೆ ಹಿಡಿದಾಗ ಸಂಕೋಚವಿಲ್ಲದೆ ಎರಡು ತೆಗೆದುಕೊಳ್ಳಿ, ಊರಿನ ಮಳೆ ಹೇಗಿದೆ ಎಂದು ಕೇಳಿ. ಬೆಳಗಾವಿಯ ಕುಂದಾ ಇನ್ನೂ ಚೆನ್ನಾಗಿರುತ್ತದೆ ಎಂದು ಮಾತ್ರ ಬಾಯಿತಪ್ಪಿಯೂ ಅನ್ನಬೇಡಿ. 2025ರ ಆಗಸ್ಟಿನಲ್ಲಿ ಬೆಳಗಾವಿಗೂ ತನ್ನದೇ ವಂದೇ ಭಾರತ್ ಬಂದ ಮೇಲೆ ಅವರು ಆ ಊರಿನ ವಿಷಯದಲ್ಲಿ ಸ್ವಲ್ಪ ಸೂಕ್ಷ್ಮವಾಗಿದ್ದಾರೆ.